ಹೆಸರು ಮರೆತರೂ ಓದಿ

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಕೆಲವು ಅಧ್ಯಾಯ ಓದಿ ಕೆಳಗಿಟ್ಟವರು ಬಹಳ ಮಂದಿ. ಯಾರು ಯಾವ ಮನೆಯವರು, ಯಾರಿಗೆ ಯಾರು ಏನಾಗಬೇಕು ಎಂಬುದೇ ತಲೆಗೆ ಹತ್ತುವುದಿಲ್ಲ ಎನ್ನುತ್ತಾರೆ. ನಿಜ. 1967ರಲ್ಲಿ ಬಂದ ಈ ಕೃತಿಯಲ್ಲಿ ಸಿಂಬಾವಿ, ಕೋಣೂರು, ಹೂವಳ್ಳಿ, ಬೆಟ್ಟಳ್ಳಿ ಎಂದು ಎಷ್ಟೊಂದು ಮನೆಗಳು! ಒಂದೊಂದಕ್ಕೂ ಅದರದೇ ಆಳುಗಳು, ಸಾಲ, ಹಳೆಯ ಜಗಳ.

ನೆನಪಿಟ್ಟುಕೊಳ್ಳಲೇಬೇಕೆಂಬ ಹಟ ಬಿಟ್ಟು ಗುತ್ತಿಯ ಹಿಂದೆ ನಡೆದು ನೋಡಿ. ಸಿಂಬಾವಿ ಹೆಗ್ಗಡೆಯವರ ಆಳು ಅವನು. ತಾನು ಮದುವೆಯಾಗಬೇಕೆಂದಿರುವ ತಿಮ್ಮಿಯನ್ನು ಕರೆತರಲು ಹುಲಿಯ ಎಂಬ ನಾಯಿಯೊಡನೆ ಹೊರಟಿದ್ದಾನೆ. ದಾರಿಯಲ್ಲಿ ಅವನಿಗೆ ಸಿಕ್ಕವರೆಲ್ಲ ನಮಗೂ ಸಿಗುತ್ತಾರೆ. ಹೊಸದಾಗಿ ಮನೆಗೆ ಬಂದ ಸೊಸೆ ನಂಟರಿಷ್ಟರನ್ನು ಅರಿಯುವುದೂ ಹೀಗೆಯೇ ಅಲ್ಲವೇ?

ಮುಂದೆ ಹೂವಳ್ಳಿಯ ಚಿನ್ನಮ್ಮ ಒಲ್ಲದ ಮದುವೆಯಿಂದ ರಾತ್ರೋರಾತ್ರಿ ಪಾರಾಗುವಾಗ ಅವಳಿಗೆ ಬೆನ್ನಾಗಿ ನಿಲ್ಲುವವಳು ಘಟ್ಟದ ಕೆಳಗಿನಿಂದ ದುಡಿಯಲು ಬಂದವರ ಪೈಕಿಯ ಪೀಂಚಲು. ಒಡೆಯರ ಮನೆಯ ಕಥೆ ಆಳಿನ ಕೈಯಲ್ಲಿ ತಿರುಗುತ್ತದೆ. ಇಷ್ಟೊಂದು ಪಾತ್ರಗಳು ಏಕೆ ಬೇಕಿತ್ತು ಎಂಬುದು ನನಗೆ ಮನದಟ್ಟಾದದ್ದು ಅಲ್ಲಿ. ಇಲ್ಲಿ ಯಾರನ್ನೂ ತೆಗೆದುಹಾಕಲಾಗದು, ಹುಲಿಯನನ್ನೂ ಸಹ.

ಅರ್ಧಕ್ಕೆ ನಿಲ್ಲಿಸಿದ್ದರೆ ಇವತ್ತು ಮತ್ತೆ ಕೈಗೆತ್ತಿಕೊಳ್ಳಿ. ಹೆಸರು ಮರೆತುಹೋದರೆ ನಾಲ್ಕು ಪುಟ ಹಿಂದೆ ಹೋಗಿ ನೋಡಿಕೊಂಡು ಬನ್ನಿ.