ಮಸೂದೆ ಬರುವ ಮುಂಚೆ ರೈತನನ್ನು ಕೇಳಿ
(ಮೈಸೂರಿನ ಸರಸ್ವತಿಪುರಂನಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಹಳ್ಳಿ ಬಿಟ್ಟು ಸರಸ್ವತಿಪುರಂನಲ್ಲಿ ಯಾಕಪ್ಪ ಸಭೆ ಅಂತ ನಿಮ್ಮಲ್ಲಿ ಕೆಲವರು ಕೇಳಿದಿರಿ. ಸರಿಯಾದ ಪ್ರಶ್ನೆಯೇ. ನಮ್ಮ ಹೊಲಕ್ಕೆ ಬೀಳುವ ಕಾನೂನು ಹೊಲದಲ್ಲಿ ಹುಟ್ಟುವುದಿಲ್ಲ, ಕಾಗದದಲ್ಲಿ ಹುಟ್ಟುತ್ತದೆ. ಆ ಕಾಗದ ಓದಬಲ್ಲ ವಕೀಲರು, ಮೇಷ್ಟ್ರುಗಳು, ಬ್ಯಾಂಕಿನಲ್ಲಿ ದುಡಿದವರು ಈ ಬಡಾವಣೆಯಲ್ಲಿದ್ದಾರೆ. ಅವರಲ್ಲಿ ಅರ್ಧಕ್ಕರ್ಧ ಜನ ನಮ್ಮ ಹಳ್ಳಿಗಳಿಂದಲೇ ಬಂದವರು. ಅವರೂ ಕೇಳಲಿ, ನೀವೂ ಕೇಳಿ.

ಇವತ್ತು ಒಂದು ಕಾನೂನಿನ ಮಾತಲ್ಲ. ಬೀಜ, ವಿದ್ಯುತ್, ಭೂಮಿ, ಬೆಲೆ, ಸಾಲ, ಈ ಐದಕ್ಕೂ ದಿಲ್ಲಿಯಲ್ಲಿ ಮಸೂದೆಗಳು ಬಂದಿವೆ, ಹೋಗಿವೆ, ವೇಷ ಬದಲಿಸಿ ಮತ್ತೆ ಬಂದಿವೆ. ಬೇರೆ ಬೇರೆ ಇಲಾಖೆ, ಬೇರೆ ಬೇರೆ ಮಂತ್ರಿ. ಆದರೆ ಐದೂ ಬಂದು ಕೂರುವುದು ಒಬ್ಬನೇ ರೈತನ ತಲೆಯ ಮೇಲೆ. ಆದ್ದರಿಂದ ಐದನ್ನೂ ಒಟ್ಟಿಗೆ ನೋಡಬೇಕು.

ಮೊದಲು ಅಧಿಕಾರ ಯಾರದು ಅನ್ನೋದನ್ನು ತಿಳಿಯೋಣ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿ ಇವೆ: ಕೇಂದ್ರದ್ದು, ರಾಜ್ಯದ್ದು, ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿ. ಕೃಷಿ ರಾಜ್ಯದ ಪಟ್ಟಿಯ 14ನೇ ವಿಷಯ. ಭೂಮಿ 18ನೆಯದು. ಸಂತೆ, ಮಾರುಕಟ್ಟೆ 28ನೆಯದು. ಲೇವಾದೇವಿ ಮತ್ತು ರೈತರ ಸಾಲ ಪರಿಹಾರ 30ನೆಯದು. ಹಾಗಾದರೆ ಎಲ್ಲಾ ಬೆಂಗಳೂರಿನ ಕೈಯಲ್ಲೇ ಇದೆಯಲ್ಲ ಅಂತೀರಿ. ಇಲ್ಲ. ಸಮವರ್ತಿ ಪಟ್ಟಿಯ 33ನೇ ವಿಷಯವನ್ನು 1954ರಲ್ಲಿ ಸಂವಿಧಾನದ ಮೂರನೇ ತಿದ್ದುಪಡಿ ಮಾಡಿ ಹಿಗ್ಗಿಸಿದರು. ಆಹಾರ ಪದಾರ್ಥ, ದನದ ಮೇವು, ಹತ್ತಿ, ಸೆಣಬು ಇವುಗಳ ವ್ಯಾಪಾರ ಅದರೊಳಗೆ ಬಂತು. ಬೆಳೆಯುವುದು ರಾಜ್ಯದ ವಿಷಯ, ಬೆಳೆದದ್ದನ್ನು ಮಾರುವುದು ಕೇಂದ್ರದ್ದೂ ಹೌದು! ವಿದ್ಯುತ್, ಭೂಸ್ವಾಧೀನ ಎರಡೂ ಸಮವರ್ತಿ ಪಟ್ಟಿಯಲ್ಲೇ ಇವೆ. ಬಾಗಿಲು ನಮ್ಮದು, ಚಿಲಕ ಅವರದು ಅಂದ ಹಾಗಾಯಿತು.

ಈ ಬಾಗಿಲಿಂದಲೇ 2020ರಲ್ಲಿ ಮೂರು ಕಾಯ್ದೆ ಒಳಗೆ ಬಂದವು. ಜೂನ್ 5ರಂದು ಸುಗ್ರೀವಾಜ್ಞೆ. ಕೊರೋನಾ ಕಾಲ, ಜನ ಮನೆಯೊಳಗಿದ್ದರು. ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಮೊದಲೆರಡು ಮಸೂದೆ ಬರೀ ಧ್ವನಿಮತದಲ್ಲಿ ಪಾಸಾದವು. ಮತ ಎಣಿಸಿ ಅಂದವರ ಮಾತು ನಡೆಯಲಿಲ್ಲ. ಒಂದು ಕಾಯ್ದೆ ಎ.ಪಿ.ಎಂ.ಸಿ. ಯಾರ್ಡಿನ ಹೊರಗೆ ಶುಲ್ಕವಿಲ್ಲದೆ ಖರೀದಿ ಮಾಡಲು ಬಿಟ್ಟಿತು. ಇನ್ನೊಂದು ಒಪ್ಪಂದದ ಕೃಷಿಯ ತಂಟೆಯನ್ನು ಸಿವಿಲ್ ಕೋರ್ಟಿನಿಂದ ಕಿತ್ತು ಉಪವಿಭಾಗಾಧಿಕಾರಿಯ ಮೇಜಿಗೆ ಹಾಕಿತು. ಮೂರನೆಯದು ದಾಸ್ತಾನಿನ ಮಿತಿ ಸಡಿಲಿಸಿತು: ತರಕಾರಿ, ಹಣ್ಣಿನ ಚಿಲ್ಲರೆ ಬೆಲೆ ದುಪ್ಪಟ್ಟಾದರೆ, ಕಾಳುಕಡ್ಡಿಯದು ಒಂದೂವರೆ ಪಟ್ಟಾದರೆ ಮಾತ್ರ ಮಿತಿ ಹೇರಬಹುದು ಅಂತ.

ಇವು ರೈತನಿಗೆ ಸ್ವಾತಂತ್ರ್ಯ ಕೊಡುತ್ತವೆ ಅಂದರು. ಬಂಡೀಪಾಳ್ಯದ ಯಾರ್ಡಿನಲ್ಲಿ ದಲ್ಲಾಳಿ ಕಾಟ ಇಲ್ಲ ಅಂತ ನಾನು ಹೇಳುವುದಿಲ್ಲ, ನಿಮಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಆದರೆ ಮನೆ ಸೋರುತ್ತೆ ಅಂದವನಿಗೆ ಹೆಂಚು ಹಾಕಿಸಿಕೊಡಬೇಕೇ ಹೊರತು ಗೋಡೆ ಕೆಡವಿ ಬಯಲಲ್ಲಿ ಮಲಗು ಅನ್ನಬಾರದು. ಯಾರ್ಡಿನಲ್ಲಿ ತೂಕಕ್ಕೆ, ಹರಾಜಿಗೆ, ಲೆಕ್ಕಕ್ಕೆ ಒಂದು ಪುಸ್ತಕವಾದರೂ ಇದೆ. ಹೊರಗಿನ ವ್ಯಾಪಾರಕ್ಕೆ ಯಾವ ಪುಸ್ತಕ?

ದಿಲ್ಲಿಯ ಗಡಿಯಲ್ಲಿ ರೈತರು 2020ರ ನವೆಂಬರ್ 26ರಿಂದ ಒಂದು ವರ್ಷಕ್ಕೂ ಮೇಲೆ ಚಳಿ, ಬಿಸಿಲು, ಮಳೆಯಲ್ಲಿ ಕೂತರು. 2021ರ ನವೆಂಬರ್ 19ರಂದು ಪ್ರಧಾನಿ ಕಾಯ್ದೆ ವಾಪಸ್ ಎಂದರು. ನವೆಂಬರ್ 29ರಂದು ಎರಡೂ ಸದನದಲ್ಲಿ ರದ್ದತಿ ಮಸೂದೆ ಪಾಸಾಯಿತು, ಅದೂ ಚರ್ಚೆ ಇಲ್ಲದೆ! ತರುವಾಗಲೂ ನಮ್ಮನ್ನು ಕೇಳಲಿಲ್ಲ, ತೆಗೆಯುವಾಗಲೂ ಯಾಕೆ ಅಂತ ಹೇಳಲಿಲ್ಲ. ಗೆದ್ದೆವು, ನಿಜ. ಆದರೆ ಕೇಳುವ ಪದ್ಧತಿ ಬರಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ದಿಲ್ಲಿಯನ್ನು ಮಾತ್ರ ಬೈದರೆ ಸಾಲದು. ಅದೇ 2020ರಲ್ಲಿ ಬೆಂಗಳೂರಿನವರು ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದರು. ರೈತನಲ್ಲದವನೂ ಜಮೀನು ಕೊಳ್ಳಬಹುದು ಅಂತಾಯಿತು. ದಿಲ್ಲಿಯ ಮೂರು ಕಾಯ್ದೆ ಹೋದಾಗಲೂ ಬೆಂಗಳೂರಿನ ಈ ತಿದ್ದುಪಡಿ ಹಾಗೇ ಉಳಿಯಿತು. ಮೈಸೂರಿನ ಸುತ್ತ ಬೇಲಿ ಹಾಕಿಸಿಕೊಂಡು ಬೀಳು ಬಿದ್ದಿರುವ ಹೊಲಗಳನ್ನು ಬಸ್ಸಿನ ಕಿಟಕಿಯಿಂದ ನೀವೇ ನೋಡಿಕೊಂಡು ಬಂದಿದ್ದೀರಿ.

ಈಗ ವಿದ್ಯುತ್ತಿಗೆ ಬನ್ನಿ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ 2008ರಲ್ಲಿ ಬಿಲ್ ಮನ್ನಾ ಆಯಿತು. ಪುಕ್ಕಟೆ ಅಂತಾರೆ. ಪುಕ್ಕಟೆ ಅಲ್ಲ. ಕರೆಂಟಿನ ಒಂದು ಪಾಲನ್ನು ಸರ್ಕಾರ ಸೆಸ್ಕ್‌ನಂಥ ನಿಗಮಗಳಿಗೆ ಸಹಾಯಧನವಾಗಿ ಕಟ್ಟಬೇಕು. ಇನ್ನೊಂದು ಪಾಲನ್ನು ಕಾರ್ಖಾನೆ, ಅಂಗಡಿ, ದೊಡ್ಡ ಬಳಕೆದಾರರು ಹೆಚ್ಚು ದರ ಕೊಟ್ಟು ಹೊರುತ್ತಾರೆ. ಇದಕ್ಕೆ ಅಡ್ಡ ಸಹಾಯಧನ ಅಂತ ಹೆಸರು.

2020ರ ಏಪ್ರಿಲ್‌ನಲ್ಲಿ ಬಂದ ವಿದ್ಯುತ್ ತಿದ್ದುಪಡಿ ಕರಡು ಏನು ಹೇಳಿತು? ಮೊದಲು ನೀನು ಪೂರ್ತಿ ಬಿಲ್ಲು ಕಟ್ಟು, ಸಹಾಯಧನ ನಿನ್ನ ಖಾತೆಗೆ ಬರುತ್ತೆ. ಬರ ಪರಿಹಾರಕ್ಕೆ, ಬೆಳೆ ವಿಮೆಗೆ ಎಷ್ಟು ತಿಂಗಳು ಕಾಯ್ದಿದ್ದೀರಿ ಲೆಕ್ಕ ಹಾಕಿ. ಖಾತೆಗೆ ಹಣ ಬರುವುದು ತಡವಾದರೂ ಬಿಲ್ಲಿನ ಗಡುವು ತಡವಾಗುವುದಿಲ್ಲ. ಭತ್ತ ತೆನೆ ಕಟ್ಟುವ ಹೊತ್ತಿಗೆ ಲೈನು ಕತ್ತರಿಸಿದರೆ ಆಮೇಲೆ ಬರುವ ಹಣ ಏತಕ್ಕೆ?

ರೈತರು ದಿಲ್ಲಿಯಿಂದ ಎದ್ದು ಬರುವ ಮುನ್ನ, 2021ರ ಡಿಸೆಂಬರ್ 9ರಂದು, ಸರ್ಕಾರ ಲಿಖಿತ ಪತ್ರ ಕೊಟ್ಟಿತು. ರೈತರಿಗೆ ಸಂಬಂಧಪಟ್ಟ ಅಂಶಗಳ ಬಗ್ಗೆ ಸಂಯುಕ್ತ ಕಿಸಾನ್ ಮೋರ್ಚಾದ ಜೊತೆ ಮಾತಾಡದೆ ವಿದ್ಯುತ್ ಮಸೂದೆ ಮಂಡಿಸುವುದಿಲ್ಲ ಎಂಬ ಭರವಸೆ ಅದರಲ್ಲಿತ್ತು. 2022ರ ಆಗಸ್ಟ್ 8ರಂದು ಮಸೂದೆ ಲೋಕಸಭೆಗೆ ಬಂದೇ ಬಂತು. ಒಂದೇ ಪ್ರದೇಶದಲ್ಲಿ, ಇರುವ ಲೈನುಗಳ ಮೇಲೇ, ಹಲವು ಕಂಪನಿಗಳು ಕರೆಂಟು ಮಾರಬಹುದು ಎಂಬುದು ಅದರ ತಿರುಳು. ಮೋರ್ಚಾದವರು ಮಾತು ತಪ್ಪಿದಿರಿ ಎಂದರು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು, 2024ರಲ್ಲಿ ಆ ಲೋಕಸಭೆಯ ಜೊತೆಗೇ ಬಿದ್ದುಹೋಯಿತು. 2025ರ ಅಕ್ಟೋಬರ್‌ನಲ್ಲಿ ಮತ್ತೊಂದು ಕರಡು: ದರ ಅಂದರೆ ಪೂರ್ತಿ ಖರ್ಚು ವಸೂಲಾಗುವ ದರ ಇರಬೇಕು, ಕಾರ್ಖಾನೆ, ರೈಲು, ಮೆಟ್ರೋ ಮೇಲಿನ ಅಡ್ಡ ಸಹಾಯಧನದ ಹೊರೆ ಐದು ವರ್ಷದಲ್ಲಿ ಇಳಿಯಬೇಕು ಅಂತ.

ರಾಜ್ಯ ಬೇಕಾದರೆ ಸಹಾಯಧನ ಕೊಟ್ಟುಕೊಳ್ಳಲಿ, ಅಡ್ಡಿ ಇಲ್ಲ ಎಂಬುದು ದಿಲ್ಲಿಯ ಉತ್ತರ. ಕಾಗದದ ಮೇಲೆ ಇದು ಸರಿ. ಆದರೆ ಕಾರ್ಖಾನೆ ಹೊರುತ್ತಿದ್ದ ಪಾಲು ಬಿಟ್ಟುಹೋದರೆ ಅಷ್ಟನ್ನೂ ರಾಜ್ಯದ ಖಜಾನೆಯೇ ಕೊಡಬೇಕು. ಲಾಭದ ಊರುಗಳನ್ನು ಖಾಸಗಿ ಕಂಪನಿ ಎತ್ತಿಕೊಂಡರೆ ಹಳ್ಳಿಯ ಲೈನು ಮಾತ್ರ ಸೆಸ್ಕ್‌ಗೆ ಉಳಿಯುತ್ತೆ. ಕೆನೆ ಅವರಿಗೆ, ಮಜ್ಜಿಗೆ ನಮಗೆ. ಆ ಮಜ್ಜಿಗೆಗೂ ಎಷ್ಟು ದಿನ ನೀರು ಬೆರೆಸುತ್ತಾರೋ!

ಇನ್ನು ಬೀಜ. 1966ರ ಬೀಜ ಕಾಯ್ದೆಯ ಜಾಗಕ್ಕೆ ಹೊಸದು ತರಲು 2004ರಲ್ಲೇ ರಾಜ್ಯಸಭೆಗೆ ಮಸೂದೆ ಬಂತು. ರೈತ ತಾನು ಉಳಿಸಿದ ಬೀಜ ಮಾರಿದರೂ ಅದು ಸರ್ಕಾರ ಗೊತ್ತುಮಾಡಿದ ಮೊಳಕೆ, ಶುದ್ಧತೆಯ ಮಟ್ಟಕ್ಕೆ ಕಡಿಮೆ ಇರಬಾರದು ಅಂತ ಅದರಲ್ಲಿತ್ತು. ಅಂದರೆ ಅಕ್ಕಪಕ್ಕದ ಮನೆಯವರು ರಾಗಿ ಬೀಜ ಕೊಟ್ಟು ತಗೊಳ್ಳುವುದಕ್ಕೂ ಕಂಪನಿಯ ಅಳತೆಗೋಲು. ದೇಶದ ತುಂಬ ವಿರೋಧ ಎದ್ದಿತು, ಅದು ಪಾಸಾಗಲಿಲ್ಲ. 2019ರಲ್ಲಿ ಒಂದು ಕರಡು, 2025ರ ನವೆಂಬರ್‌ನಲ್ಲಿ ಇನ್ನೊಂದು.

ಕಳಪೆ ಬೀಜ ಮಾರುವವನಿಗೆ ಶಿಕ್ಷೆ ಬೇಡವೇ? ಬೇಕು. ನಾನೂ ಒಂದು ಸಾರಿ ಟೊಮೆಟೊ ಬೀಜ ತಂದು, ಗಿಡ ಎದೆಯೆತ್ತರ ಬಂದು ಕಾಯಿ ಕಚ್ಚದೆ ಹೋದದ್ದನ್ನು ನೋಡಿದ್ದೇನೆ. ಅಂಗಡಿಯವನು ಕಂಪನಿ ಕಡೆ ಕೈ ತೋರಿದ, ಕಂಪನಿಯವನು ಹವಾಮಾನದ ಕಡೆ ತೋರಿದ. 2025ರ ಕರಡು 30 ಲಕ್ಷ ರೂಪಾಯಿವರೆಗೆ ದಂಡ, ಮೂರು ವರ್ಷದವರೆಗೆ ಜೈಲು ಅಂತ ಬರೆಯಿತು. ಒಳ್ಳೆಯದು. ಆದರೆ ದಂಡ ಹೋಗುವುದು ಸರ್ಕಾರದ ಖಜಾನೆಗೆ. ಬೆಳೆ ಕಳೆದುಕೊಂಡವನ ಕೈಗೆ ಎಷ್ಟು, ಎಷ್ಟು ದಿನದಲ್ಲಿ, ಯಾರ ಮುಂದೆ ಅರ್ಜಿ ಹಾಕಿದರೆ? ಪ್ರತಿಯೊಂದು ಬೀಜ ಮಸೂದೆಗೂ ನಾವು ಹಾಕಬೇಕಾದ ಮೊದಲ ಪ್ರಶ್ನೆ ಇದು.

ಕೈಯಲ್ಲಿರುವ ಹಕ್ಕನ್ನೂ ಮರೆಯಬೇಡಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು ಓದಿ. ಬೀಜ ಉಳಿಸಲು, ಬಿತ್ತಲು, ಹಂಚಲು, ವಿನಿಮಯ ಮಾಡಲು, ಮಾರಲು ರೈತನಿಗೆ ಹಕ್ಕಿದೆ. ಬ್ರ್ಯಾಂಡಿನ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. ಅಲ್ಲಿ ನೋಂದಾಯಿಸಿದ ತಳಿ ಹೇಳಿದಷ್ಟು ಇಳುವರಿ ಕೊಡದಿದ್ದರೆ ಪರಿಹಾರ ಕೇಳುವ ದಾರಿಯೂ ಅದೇ ಕಲಮಿನಲ್ಲಿದೆ. ಡಂಕೆಲ್ ಕರಡು 1991ರಲ್ಲಿ ಬಂದಾಗ ಪ್ರೊಫೆಸರ್ ನಂಜುಂಡಸ್ವಾಮಿಯವರು ಊರೂರು ತಿರುಗಿ ಅದನ್ನು ಬಿಡಿಸಿ ಹೇಳಿದರು. ಆಗ ನಕ್ಕವರಿದ್ದರು. ಈ 39ನೇ ಕಲಮು ಯಾರೂ ದಯೆಯಿಂದ ಕೊಟ್ಟದ್ದಲ್ಲ, ಅಂಥ ಗದ್ದಲದಿಂದ ಬಂದದ್ದು.

ಭೂಮಿಯ ವಿಷಯ ಚುಟುಕಾಗಿ ಹೇಳ್ತೀನಿ. ಬ್ರಿಟಿಷರ 1894ರ ಕಾಯ್ದೆ ಹೋಗಿ 2013ರ ಕಾಯ್ದೆ ಬರಲು 119 ವರ್ಷ ಬೇಕಾಯಿತು. ಖಾಸಗಿ ಕಂಪನಿಗೆ ಭೂಮಿ ಹಿಡಿಯಲು ನೂರಕ್ಕೆ 80 ಜನ ಒಪ್ಪಬೇಕು, ಸರ್ಕಾರ-ಖಾಸಗಿ ಪಾಲುದಾರಿಕೆಗೆ 70. ಅದು ಜಾರಿಗೆ ಬಂದ ವರ್ಷದ ಕೊನೆಯ ದಿನವೇ, 2014ರ ಡಿಸೆಂಬರ್ 31ರಂದು, ಹಲವು ಬಗೆಯ ಯೋಜನೆಗಳಿಗೆ ಈ ಒಪ್ಪಿಗೆ ಬೇಡ ಎನ್ನುವ ಸುಗ್ರೀವಾಜ್ಞೆ ಬಂತು. ಮೂರು ಸಾರಿ ಹೊರಡಿಸಿದರು. ವಿರೋಧ ತಡೆಯಲಾಗದೆ 2015ರ ಆಗಸ್ಟ್‌ನಲ್ಲಿ ಕೈಬಿಟ್ಟರು. ದೇವನಹಳ್ಳಿಯ ಚನ್ನರಾಯಪಟ್ಟಣದ ರೈತರು ಮೂರು ವರ್ಷಕ್ಕೂ ಹೆಚ್ಚು ಕೂತು 2025ರ ಜುಲೈ 15ರಂದು 1,777 ಎಕರೆಯ ಸ್ವಾಧೀನ ಕೈಬಿಡಿಸಿದರು. ಒಪ್ಪಿಗೆ ಅನ್ನೋದು ಕಾನೂನಿನಲ್ಲಿದ್ದರೆ ಸಾಲದು, ಅದನ್ನು ಹಿಡಿದುಕೊಂಡು ಕೂರುವ ಜನ ಬೇಕು.

ಇಷ್ಟೂ ಅವರು ತಂದ ಮಸೂದೆಗಳು. ನಾವು ಕೇಳಿದ ಮಸೂದೆ ಏನಾಯಿತು? 2017ರ ನವೆಂಬರ್‌ನಲ್ಲಿ ದೇಶದ ರೈತ ಸಂಘಟನೆಗಳು ದಿಲ್ಲಿಯಲ್ಲಿ ಕಿಸಾನ್ ಮುಕ್ತಿ ಸಂಸತ್ತು ನಡೆಸಿ ಎರಡು ಮಸೂದೆ ಬರೆದವು: ಒಂದು ನ್ಯಾಯವಾದ ಬೆಲೆಯ ಹಕ್ಕಿಗೆ, ಒಂದು ಸಾಲದಿಂದ ಬಿಡುಗಡೆಗೆ. 2018ರಲ್ಲಿ ಮಹಾರಾಷ್ಟ್ರದ ಸಂಸದ ರಾಜು ಶೆಟ್ಟಿ ಅವನ್ನು ಲೋಕಸಭೆಯಲ್ಲಿ ಖಾಸಗಿ ಮಸೂದೆಯಾಗಿ ಮಂಡಿಸಿದರು. ಖಾಸಗಿ ಮಸೂದೆಯ ಹಣೆಬರಹ ಗೊತ್ತೇ? ಸ್ವಾತಂತ್ರ್ಯ ಬಂದ ಮೇಲೆ ಕಾನೂನಾದವು 14, ಕೊನೆಯದು 1970ರಲ್ಲಿ.

ಬೆಲೆಯ ಲೆಕ್ಕ ನೋಡಿ. ಕೈಯಿಂದ ಹಾಕಿದ ಖರ್ಚಿಗೆ ಎ2 ಅಂತಾರೆ. ಮನೆಯವರ ದುಡಿಮೆ ಸೇರಿಸಿದರೆ ಎ2 ಪ್ಲಸ್ ಎಫ್‌ಎಲ್. ಸ್ವಂತ ಜಮೀನಿನ ಗುತ್ತಿಗೆ, ಸ್ವಂತ ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ ಸಿ2. ಸ್ವಾಮಿನಾಥನ್ ಆಯೋಗ 2006ರಲ್ಲಿ ಖರ್ಚಿನ ಮೇಲೆ ಅರ್ಧದಷ್ಟು ಲಾಭ ಸೇರಬೇಕು ಎಂದಿತು. ರೈತ ಕೇಳುವುದು ಸಿ2 ಮೇಲೆ ಅರ್ಧ. 2018ರಿಂದ ಸರ್ಕಾರ ಒಂದೂವರೆ ಪಟ್ಟು ಕೊಟ್ಟೆವು ಅನ್ನುವುದು ಎ2 ಪ್ಲಸ್ ಎಫ್‌ಎಲ್ ಮೇಲೆ. ಗಡಿಗೆ ಅದೇ, ತಳ ಮಾತ್ರ ಮೇಲೆ ಬಂದಿದೆ. ಅದೂ 22 ಬೆಳೆಗೆ ಘೋಷಣೆ ಮಾತ್ರ. ಅದಕ್ಕಿಂತ ಕಡಿಮೆಗೆ ಕೊಂಡವನಿಗೆ ಶಿಕ್ಷೆ ಇಲ್ಲ.

ಬೆಲೆಯನ್ನು ಕಾನೂನು ಮಾಡಲು ಆಗೋದೇ ಇಲ್ಲ ಅಂತ ಪಂಡಿತರು ಹೇಳ್ತಾರೆ. ಕಬ್ಬಿಗೆ ಮಾಡಲಿಲ್ಲವೇ? 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಬೆಲೆ ಇದೆ, 14 ದಿನದೊಳಗೆ ಹಣ ಕೊಡಬೇಕೆಂದಿದೆ, ತಡವಾದರೆ ವರ್ಷಕ್ಕೆ ನೂರಕ್ಕೆ 15 ಬಡ್ಡಿ ಇದೆ. ಆ ಬಡ್ಡಿಯನ್ನು ಪಡೆದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ. (ಯಾರೂ ಎತ್ತಲಿಲ್ಲ.) ನೋಡಿದಿರಾ, ಕಾನೂನು ಬರೆಸುವುದು ಅರ್ಧ ಕೆಲಸ, ಜಾರಿ ಮಾಡಿಸುವುದು ಇನ್ನರ್ಧ.

ಸಾಲಕ್ಕೂ ಇದೇ ಮಾತು. 2002ರಲ್ಲಿ ಬ್ಯಾಂಕುಗಳಿಗೆ ಕೋರ್ಟಿಗೆ ಹೋಗದೆ ಅಡಮಾನದ ಆಸ್ತಿ ಹಿಡಿಯುವ ಅಧಿಕಾರ ಕೊಟ್ಟ ಸರ್ಫೇಸಿ ಕಾಯ್ದೆ ಬಂತು. ಅದರ 31ನೇ ಕಲಮಿನ ಪ್ರಕಾರ ಕೃಷಿ ಭೂಮಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಈ ಒಂದು ಸಾಲು ಗೊತ್ತಿಲ್ಲದೆ ನೋಟೀಸು ಕಂಡ ಕೂಡಲೇ ಜಮೀನು ಮಾರಿದವರಿದ್ದಾರೆ. ಹಾಗೆ ನೋಟೀಸು ಬಂದರೆ ಹೆದರಬೇಡಿ, ವಕೀಲರಿಗೆ ತೋರಿಸಿ. ಕೇರಳದವರು 2006ರಲ್ಲಿ ಸಾಲ ಪರಿಹಾರ ಆಯೋಗವನ್ನೇ ಕಾನೂನು ಮಾಡಿಕೊಂಡರು. ರೈತ ಅಲ್ಲಿ ಅರ್ಜಿ ಹಾಕಬಹುದು, ಬ್ಯಾಂಕಿನವರು ಬಂದು ಉತ್ತರ ಹೇಳಬೇಕು. ಸಾಲ ಪರಿಹಾರ ರಾಜ್ಯದ ಪಟ್ಟಿಯಲ್ಲಿದೆ ಅಂತ ಆಗಲೇ ಹೇಳಿದೆ. ಬೆಂಗಳೂರಿಗೆ ಏನಡ್ಡಿ?

ಹಾಗಾದರೆ ನಾವು ಮಾಡಬೇಕಾದ್ದೇನು? 2014ರಲ್ಲಿ ಕೇಂದ್ರವೇ ಒಂದು ನೀತಿ ಮಾಡಿಕೊಂಡಿದೆ: ಮಸೂದೆಯ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು. ಅದು ಕಾನೂನಲ್ಲ, ಬರೀ ನೀತಿ. 2020ರಲ್ಲಿ ಅದನ್ನು ಗಾಳಿಗೆ ತೂರಿದ್ದನ್ನು ಕಂಡಿದ್ದೀರಿ. ಇಟ್ಟಾಗಲೂ ಕರಡು ಇಂಗ್ಲಿಷಿನಲ್ಲಿ, ಹೆಚ್ಚೆಂದರೆ ಹಿಂದಿಯಲ್ಲಿ. ಬಿತ್ತನೆಯ ಮೂವತ್ತು ದಿನದಲ್ಲಿ ಇಂಗ್ಲಿಷ್ ಕರಡು ಓದಿ ಅಭಿಪ್ರಾಯ ಬರೆಯುವ ರೈತ ಎಲ್ಲಿದ್ದಾನೆ? 2020ರ ಪರಿಸರ ಪರಿಣಾಮದ ಕರಡು ಅಧಿಸೂಚನೆಯನ್ನು ಎಂಟನೇ ಅನುಸೂಚಿಯ ಎಲ್ಲಾ ಭಾಷೆಗೂ ತರ್ಜುಮೆ ಮಾಡಿಸಿ ಅಂತ ದಿಲ್ಲಿ ಹೈಕೋರ್ಟು ಆ ವರ್ಷದ ಜೂನ್ 30ರಂದು ಆಜ್ಞೆ ಮಾಡಿತು. ಆ ಪಟ್ಟಿಯಲ್ಲಿ ಕನ್ನಡ ಇದೆ. ಪರಿಸರದ ಕರಡಿಗೆ ಬೇಕಾದ ಕನ್ನಡ ಬೀಜದ ಕರಡಿಗೆ, ಕರೆಂಟಿನ ಕರಡಿಗೆ ಬೇಡವೇ?

ಆದ್ದರಿಂದ ಮೂರು ಕೆಲಸ. ಒಂದು, ನಿಮ್ಮ ಮುಂದಿನ ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ: ರೈತರಿಗೆ ತಟ್ಟುವ ಪ್ರತಿ ಮಸೂದೆಯ ಕರಡು ಕನ್ನಡದಲ್ಲಿ ಬರಬೇಕು, 30 ದಿನ ಪಂಚಾಯ್ತಿ ಕಚೇರಿಯಲ್ಲಿರಬೇಕು. ನಡಾವಳಿ ಪುಸ್ತಕದಲ್ಲಿ ಏರಿಸಿ, ನಕಲು ಪಡೆಯದೆ ಏಳಬೇಡಿ. ಎರಡು, ಮಸೂದೆ ಸ್ಥಾಯಿ ಸಮಿತಿಗೆ ಹೋದಾಗ ಸಮಿತಿ ಅಭಿಪ್ರಾಯ ಕರೆದರೆ ಊರಿಗೊಂದು ಪತ್ರ ಹೋಗಲಿ, ಕನ್ನಡದಲ್ಲೇ ಹೋಗಲಿ. ಮೂರು, ವೋಟು ಕೇಳಲು ಬರುವ ಸಂಸದನನ್ನು ರಸ್ತೆ, ಮೋರಿ ಕೇಳುವ ಮುಂಚೆ ಇದು ಕೇಳಿ: ಬೀಜಕ್ಕೆ, ಕರೆಂಟಿಗೆ, ಬೆಲೆಗೆ ನೀನು ಎದ್ದು ಏನು ಮಾತಾಡಿದೆ? ಮಾತಾಡಿದ್ದರೆ ತೋರಿಸು.

ಈ ಬಡಾವಣೆಯ ಓದಿದ ಮಿತ್ರರಲ್ಲೂ ಒಂದು ಕೋರಿಕೆ. ಕರಡು ಬಂದ ವಾರದೊಳಗೆ ಅದರ ತಿರುಳನ್ನು ಎರಡು ಪುಟ ಕನ್ನಡ ಮಾಡಿ ನಮಗೆ ಕೊಡಿ. ಊರೂರಿಗೆ ಓದಿ ಹೇಳುವ ಕೆಲಸ ನಮ್ಮದು.

ಬಿತ್ತುವ ಮುಂಚೆ ಬೀಜ ನೋಡುತ್ತೇವೆ, ಕೊಳ್ಳುವ ಮುಂಚೆ ಎತ್ತಿನ ಹಲ್ಲು ನೋಡುತ್ತೇವೆ. ಕಾನೂನು ಆಗುವ ಮುಂಚೆ ಮಸೂದೆಯನ್ನೂ ಹಾಗೆ ನೋಡೋಣ.