ಫೋಕಸ್ ಧೂಳಿನ ಮೇಲೆ ಕೂತ್ರೆ?

ಬಳ್ಳಾರಿಯಿಂದ ಮಾತಾಡ್ತಿದ್ದೀನಿ. ಮೊಬೈಲ್‌ನಲ್ಲಿ ಮುಖ ಬಿಟ್ಟು ಹಿಂದಿನ ಗೋಡೆಗೆ ಫೋಕಸ್ ಆದ್ರೆ ಇನ್ನೊಂದು ಫೋಟೋ ತೆಗೀತೀವಿ. ಆದ್ರೆ ಸಿರುಗುಪ್ಪದ ಗದ್ದೆ ಕಡೆಯಿಂದ ಜ್ವರ ಅಂತ ಬಂದ ಮಗುವಿನ ರಕ್ತದ ಸ್ಲೈಡ್‌ನಲ್ಲಿ ಹಂಗಾದ್ರೆ?

ಮಲೇರಿಯಾ ಹುಡುಕೋ 100 ಪಟ್ಟಿನ ಎಣ್ಣೆ ಲೆನ್ಸ್‌ಗೆ ಸ್ಪಷ್ಟವಾಗಿ ಕಾಣೋ ಆಳ 1 ಮೈಕ್ರಾನ್‌ಗಿಂತ ಕಮ್ಮಿ. ಕೆಂಪು ರಕ್ತಕಣದ ಅಗಲವೇ 7-8 ಮೈಕ್ರಾನ್. ಲ್ಯಾಬ್‌ನವರು ತಿರುಪು ತಿರುಗಿಸ್ತಾನೇ ನೋಡ್ತಾರೆ. ಬೆಂಗಳೂರಿನ ಸಿಗ್‌ಟಪಲ್‌ನಂಥ ಕಂಪನಿಗಳು ಮಾಡಿರೋ, ಸ್ಲೈಡ್ ತಾನೇ ಸ್ಕ್ಯಾನ್ ಮಾಡೋ ಯಂತ್ರಗಳಲ್ಲಿ ಆ ಕೆಲಸ ಯಂತ್ರದ್ದೇ.

ಹೆಂಗೆ? ಮೇಲೆ ಕೆಳಗೆ ಸರಿಸುತ್ತಾ ಹಲವು ಚಿತ್ರ ತೆಗೆದು, ಪಕ್ಕಪಕ್ಕದ ಪಿಕ್ಸೆಲ್‌ಗಳ ವ್ಯತ್ಯಾಸ ಯಾವುದರಲ್ಲಿ ಹೆಚ್ಚೋ ಅದನ್ನ ಆರಿಸೋದು ಹಳೇ ವಿಧಾನ. ನಾನು ಬಿಕಾಂ ಓದಿದವನು, ನನಗಿದು ಟೆಂಡರ್ ಥರ ಕಾಣುತ್ತೆ: ಹೆಚ್ಚು ಅಂಕ ಬಂದವರಿಗೆ ಕೆಲಸ. ಆದ್ರೆ ಗಾಜಿನ ಮೇಲೆ ಕೂತ ಧೂಳಿಗೂ ಚೂಪಾದ ಅಂಚಿರುತ್ತೆ, ಅದೇ ಗೆದ್ದುಬಿಡಬಹುದು. ಧೂಳಿಗೆ ನಮ್ಮೂರಲ್ಲಿ ಬರ ಐತೇನ್ರಿ?

ಇನ್ನೊಂದು ವಿಧಾನದಲ್ಲಿ ಇನ್‌ಫ್ರಾರೆಡ್ ಬೆಳಕು ಗಾಜಿಗೆ ಬಡಿದು ವಾಪಸ್ ಬರೋದ್ರಿಂದ ದೂರ ಲೆಕ್ಕ ಹಾಕ್ತಾರೆ. ಬೇಗ ಆಗುತ್ತೆ. ಆದ್ರೆ ಅದಕ್ಕೆ ಗಾಜು ಎಲ್ಲಿದೆ ಅಂತ ಗೊತ್ತು, ರಕ್ತಕಣ ಎಲ್ಲಿದೆ ಅಂತಲ್ಲ.

ನಾಳೆ ಕುರುಗೋಡಿಗೆ ಇಂಥ ಯಂತ್ರ ಬಂದ್ರೆ ನಾನು ಮೊದಲು ಕೇಳೋದು ಇಷ್ಟೇ: ಚಿತ್ರ ಮಸುಕಾದ್ರೆ ಅದು 'ನೆಗೆಟಿವ್' ಅನ್ನುತ್ತಾ, 'ಇನ್ನೊಂದ್ಸಲ ನೋಡಿ' ಅನ್ನುತ್ತಾ?