ಕರಿಯ ನಿಲುವಂಗಿಯ ಪೂರ್ವಕಥೆ
(ಶತಮಾನೋತ್ಸವದ ಅಂಗವಾಗಿ ಮಾಡಿದ ಭಾಷಣದ ಬರಹರೂಪ)



ಕೆಪೆಯ ನ್ಯಾಯಾಲಯದ ಬಳಿ ಕರಿಯ ಕೋಟು ತೊಟ್ಟವರನ್ನು ನೀವೆಲ್ಲ ಕಂಡಿದ್ದೀರಿ. ವಿಜಯಪುರ, ಗದಗ, ಹಾವೇರಿಗಳ ಕಡೆಯಿಂದ ದುಡಿಮೆಗಾಗಿ ಗೋವೆಗೆ ಬಂದ ನಮ್ಮ ಪಾಲಕರಲ್ಲಿ ಅನೇಕರು ಆ ಕೋಟನ್ನು ಕಂಡೊಡನೆ ಮಾತು ಮರೆಯುತ್ತಾರೆ. ಕೂಲಿಯ ಬಾಕಿಯಿರಲಿ, ಬಾಡಿಗೆಯ ಕರಾರಿರಲಿ, ಹೇಳಬೇಕಾದುದನ್ನು ಹೇಳದೆಯೇ ಮರಳುತ್ತಾರೆ. ಆದುದರಿಂದ ಈ ಉಡುಪು ಎಲ್ಲಿಂದ ಬಂದಿತೆಂದು ತಿಳಿಯುವುದು ಬರಿಯ ಕುತೂಹಲದ ಸಂಗತಿಯಲ್ಲ.

ಇದರ ಮೂಲ ಇಂಗ್ಲೆಂಡಿನಲ್ಲಿದೆ. ಹದಿನಾಲ್ಕನೆಯ ಶತಮಾನದಲ್ಲಿ, ಮೂರನೆಯ ಎಡ್ವರ್ಡನ ಆಳ್ವಿಕೆಯ ಹೊತ್ತಿಗೆ, ನ್ಯಾಯಾಧೀಶರ ನಿಲುವಂಗಿಗೆ ಒಂದು ರೂಪ ಬಂದಿತ್ತು. ಅವು ಕರಿಯವಾಗಿರಲಿಲ್ಲ, ಋತುಮಾನಕ್ಕೆ ತಕ್ಕಂತೆ ಹಸಿರು, ನೇರಳೆ, ಕೆಂಪು ಬಣ್ಣದವಾಗಿದ್ದವು. ಯಾವಾಗ ಯಾವುದನ್ನು ಧರಿಸಬೇಕೆಂದು 1635ರ ನಿಯಮಗಳು ಗೊತ್ತುಪಡಿಸಿದವು. ಎರಡನೆಯ ಚಾರ್ಲ್ಸ್ ದೊರೆಯ ಕಾಲದಲ್ಲಿ ಫ್ರೆಂಚ್ ಆಸ್ಥಾನದ ಷೋಕಿಯಾಗಿ ಬಂದ ಕೃತಕ ಕೇಶ ನ್ಯಾಯಾಲಯಕ್ಕೂ ನುಗ್ಗಿತು. ಊರಿನವರೆಲ್ಲ ಅದನ್ನು ಕೈಬಿಟ್ಟ ಮೇಲೂ ವಕೀಲರು ಬಿಡಲಿಲ್ಲ. ಇನ್ನು ಕರಿಯ ಬಣ್ಣ: 1694ರ ಕೊನೆಯಲ್ಲಿ ರಾಣಿ ಎರಡನೆಯ ಮೇರಿ ಸಿಡುಬಿನಿಂದ ತೀರಿಕೊಂಡಾಗ ವಕೀಲರು ಶೋಕಸೂಚಕವಾಗಿ ಕರಿಯದನ್ನು ತೊಟ್ಟರೆಂದು ಪ್ರತೀತಿ. 1685ರಲ್ಲಿ ಚಾರ್ಲ್ಸ್ ಮಡಿದಾಗ ಎನ್ನುವವರೂ ಉಂಟು. ಸತ್ತವರು ಯಾರೇ ಇರಲಿ, ಸೂತಕ ಮುಗಿಯಿತೆಂದು ಮಾತ್ರ ಯಾರೂ ಸಾರಲಿಲ್ಲ! ಕೊರಳಿನ ಎರಡು ಬಿಳಿಯ ಪಟ್ಟಿಗಳನ್ನು ಮೋಸೆಸನ ಶಿಲಾಶಾಸನಗಳಿಗೆ ಹೋಲಿಸುವುದುಂಟು. ಅವು ಹದಿನೇಳನೆಯ ಶತಮಾನದ ಸಾಮಾನ್ಯ ಕೊರಳಪಟ್ಟಿಯ ಅವಶೇಷವೆಂಬುದೇ ನಂಬತಕ್ಕ ಮಾತು.

ಗೋವೆಯ ದಾರಿ ಬೇರೆ. ಇಲ್ಲಿ 1544ರಲ್ಲಿಯೇ ಪೋರ್ತುಗೀಜರ ಉಚ್ಚ ನ್ಯಾಯಾಲಯವಾದ ರೆಲಸಾಂವ್ ಸ್ಥಾಪಿತವಾಗಿತ್ತು. ಪೋರ್ತುಗೀಜ್ ಪದ್ಧತಿಯಲ್ಲಿ ನ್ಯಾಯಾಧೀಶರ ನಿಲುವಂಗಿಗೆ 'ಬೆಕಾ' ಎಂದೂ ವಕೀಲರದಕ್ಕೆ 'ತೋಗಾ' ಎಂದೂ ಹೆಸರು. 1961ರ ಡಿಸೆಂಬರ್ 19ರ ವಿಮೋಚನೆಯ ತರುವಾಯ, 1963ರಲ್ಲಿ ಆ ನ್ಯಾಯಾಲಯದ ಸ್ಥಾನಕ್ಕೆ ಜುಡಿಷಿಯಲ್ ಕಮಿಷನರರ ನ್ಯಾಯಾಲಯ ಬಂದಿತು. 1982ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಅಧಿಕಾರವ್ಯಾಪ್ತಿ ಗೋವೆಗೆ ವಿಸ್ತರಿಸಿತು. ವಿಚಿತ್ರವೆಂದರೆ, ತೋಗಾ ಹೋಯಿತು, 1867ರ ಪೋರ್ತುಗೀಜ್ ಸಿವಿಲ್ ಸಂಹಿತೆಯ ಕುಟುಂಬ ಕಾನೂನು ಉಳಿಯಿತು. ಇಂಗ್ಲೆಂಡಿನ ಕೋಟು ತೊಟ್ಟವರು ಪೋರ್ತುಗಲ್ಲಿನ ಕಾನೂನನ್ನು ವಾದಿಸುವ ನೋಟ ಕೆಪೆಯಲ್ಲಿ ಇಂದಿಗೂ ಸಿಗುತ್ತದೆ.

ಇಂದಿನ ಉಡುಪನ್ನು ನಿರ್ಧರಿಸಿರುವುದು 1961ರ ವಕೀಲರ ಅಧಿನಿಯಮದಡಿ ಭಾರತೀಯ ವಕೀಲರ ಪರಿಷತ್ತು ರಚಿಸಿದ ನಿಯಮಗಳು. ಅವನ್ನು ಓದಿದರೆ ಭಯ ಅರ್ಧ ಇಳಿಯುತ್ತದೆ. ಶೇರ್ವಾನಿಗೂ ಅವಕಾಶವಿದೆ, ಧೋತರಕ್ಕೂ ಇದೆ. ಜೀನ್ಸಿಗೆ ಮಾತ್ರ ಇಲ್ಲ. ಗೌನು ಸರ್ವೋಚ್ಚ ಮತ್ತು ಉಚ್ಚ ನ್ಯಾಯಾಲಯಗಳಲ್ಲಷ್ಟೇ ಕಡ್ಡಾಯ. ಬೇಸಿಗೆಯಲ್ಲಿ ಕೆಳಗಿನ ನ್ಯಾಯಾಲಯಗಳಲ್ಲಿ ಕರಿಯ ಕೋಟೂ ಕಡ್ಡಾಯವಲ್ಲ. 2020ರ ಮೇ ತಿಂಗಳಿನಲ್ಲಿ, ಕೊರೊನಾ ಕಾಲದ ವಿಡಿಯೊ ವಿಚಾರಣೆಗಳಿಗೆ ಬಿಳಿಯ ಅಂಗಿ ಇಲ್ಲವೆ ಬಿಳಿಯ ಸೀರೆಯೊಡನೆ ಕೊರಳಪಟ್ಟಿ ಸಾಕೆಂದು ಸರ್ವೋಚ್ಚ ನ್ಯಾಯಾಲಯವೇ ಹೇಳಿತು. ನ್ಯಾಯದಾನವೇನೂ ನಿಲ್ಲಲಿಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು. ವಕೀಲವೃತ್ತಿಗೆ ಸ್ತ್ರೀಯೆಂಬ ಕಾರಣ ಅಡ್ಡಿಯಾಗಬಾರದೆಂಬ ಕಾಯಿದೆ ಬಂದದ್ದು 1923ರಲ್ಲಿ; ಅಂದರೆ ಈ ಉಡುಪು ಹೆಣ್ಣಿನ ಮೈಗೆ ಬಂದು ನೂರು ವರ್ಷವಷ್ಟೇ ಆಗಿದೆ. ಬಳ್ಳಾರಿಯಲ್ಲಿ ವಕೀಲಿ ಆರಂಭಿಸಿದ ಮಂಜುಳಾ ಚೆಲ್ಲೂರ್ ಅವರು ಕೇರಳ, ಕಲ್ಕತ್ತಾಗಳ ಮುಖ್ಯ ನ್ಯಾಯಮೂರ್ತಿಗಳಾಗಿ, 2016ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾದರು. ಗೋವೆಯ ಪೀಠವೂ ಆ ನ್ಯಾಯಾಲಯದ್ದೇ. ಕನ್ನಡ ನಾಡಿನ ಹೆಣ್ಣುಮಗಳೊಬ್ಬರು ಹೀಗೆ ನಮ್ಮ ಗೋವೆಗೂ ಮುಖ್ಯ ನ್ಯಾಯಮೂರ್ತಿಯಾಗಿದ್ದರೆಂಬುದನ್ನು ನಾನು ತರಗತಿಯಲ್ಲಿ ಹೇಳದೆ ಬಿಡುವುದಿಲ್ಲ. ಸರ್ವೋಚ್ಚ ನ್ಯಾಯಾಲಯದಲ್ಲಿ 2024ರಲ್ಲಿ ಸುದ್ದಿಯಾದ ಹೊಸ ನ್ಯಾಯದೇವತೆಗೆ ಕಣ್ಣಿನ ಪಟ್ಟಿಯಿಲ್ಲ, ಖಡ್ಗದ ಬದಲು ಕೈಯಲ್ಲಿ ಸಂವಿಧಾನ, ಉಟ್ಟಿರುವುದು ಸೀರೆ.

ಪಾಲಕರಲ್ಲಿ ಕೊನೆಯದೊಂದು ಸೂಚನೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಆದಾಯವೆಷ್ಟೇ ಇದ್ದರೂ ಉಚಿತ ವಕೀಲರು ದೊರೆಯುತ್ತಾರೆ. ತಾಲೂಕಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬೇಕು. ಅರ್ಜಿ ಬರೆಯಲು ಬಾರದವರು ಶನಿವಾರ ಮಧ್ಯಾಹ್ನ ಶಾಲೆಗೆ ಬನ್ನಿ. ನಮ್ಮ ಶಿಕ್ಷಕರು ಬರೆದುಕೊಡುತ್ತಾರೆ.